ಇದ್ದಿಲಿನ ಕ್ಯಾನಿಸ್ಟರ್ ತೆಗೆದ ಮೇಲೆ ಹಳೆಯ ಬೈಕ್ ದಾರಿಯಲ್ಲಿ ನಿಲ್ಲುತ್ತಿದೆ

ಪ್ರಶ್ನೆ:

ನಮಸ್ಕಾರ. ನನ್ನಲ್ಲಿ ಎರಡು ಸಿಲಿಂಡರ್, ಎರಡು ಕಾರ್ಬುರೇಟರ್‌ಗಳಿರುವ ಹಳೆಯ ಬೈಕ್ ಇದೆ. ಟ್ಯಾಂಕಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಕ್ಯಾನಿಸ್ಟರ್ ಸದಾ ಪೆಟ್ರೋಲ್ ವಾಸನೆ ಸೂಸುತ್ತಿದ್ದುದರಿಂದ ಕಳೆದ ತಿಂಗಳು ಅದನ್ನು ಬಿಚ್ಚಿಟ್ಟೆ. ಅದಕ್ಕೆ ಸೇರಿದ್ದ ಮೂರು ಹೋಸ್‌ಗಳಲ್ಲಿ ಒಂದು ಟ್ಯಾಂಕಿನಿಂದ, ಒಂದು ಕಾರ್ಬುರೇಟರ್‌ಗಳ ಪಕ್ಕದಿಂದ, ಇನ್ನೊಂದು ಇನ್‌ಟೇಕ್ ಪೈಪಿನಿಂದ ಬರುತ್ತದೆ. ಮೂರರ ಬಾಯಿಗೂ ಬೋಲ್ಟ್ ತುರುಕಿ ಕ್ಲಿಪ್ ಬಿಗಿದೆ.

ಅಂದಿನಿಂದ ಬೈಕ್ ಹತ್ತು ನಿಮಿಷ ಓಡಿ, ಪೆಟ್ರೋಲ್ ಮುಗಿದಂತೆ ಎಳೆತ ಕಳೆದುಕೊಂಡು ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಟ್ಯಾಂಕ್ ಪೂರ್ತಿ ತುಂಬಿಸಿದ ದಿನ ಇನ್ನೂ ಬೇಗ ನಿಲ್ಲುತ್ತದೆ. ಆದರೆ ಬಿಸಿಲಿನಲ್ಲಿ ನಿಲ್ಲಿಸಿಟ್ಟು ಬಂದು ನೋಡಿದರೆ ಏರ್ ಫಿಲ್ಟರ್ ಪೆಟ್ಟಿಗೆಯ ತಳದಲ್ಲಿ ಪೆಟ್ರೋಲ್ ಕಾಣಿಸುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನೂ ಇಗ್ನಿಷನ್ ಕಾಯಿಲನ್ನೂ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಒಮ್ಮೆ ಪೆಟ್ರೋಲ್ ಸಾಲದು, ಒಮ್ಮೆ ಹೆಚ್ಚಾಗಿ ಉಕ್ಕುತ್ತದೆ ಎಂದರೆ ನಾನು ಹುಡುಕಬೇಕಾದುದು ಒಂದೇ ದೋಷವನ್ನೋ ಎರಡನ್ನೋ?

ಉತ್ತರ:

ದೋಷ ಒಂದೇ. ನಿಮ್ಮ ಟ್ಯಾಂಕಿಗೆ ಉಸಿರಾಡಲು ದಾರಿಯಿಲ್ಲ. ಕ್ಯಾನಿಸ್ಟರ್ ಇರುವ ಬೈಕ್‌ಗಳಲ್ಲಿ ಮುಚ್ಚಳಕ್ಕೆ ಬೇರೆ ಗಾಳಿರಂಧ್ರ ಇಲ್ಲದಿರುವುದೇ ಹೆಚ್ಚು. ಒಳಬರುವ ಗಾಳಿಯೂ ಹೊರಹೋಗುವ ಆವಿಯೂ ನೀವು ಬೋಲ್ಟ್ ತುರುಕಿದ ಆ ಟ್ಯಾಂಕ್ ಹೋಸಿನಲ್ಲಿಯೇ ಓಡಾಡಬೇಕು.

ಪೆಟ್ರೋಲ್ ತನ್ನ ತೂಕದಿಂದಲೇ ಕೆಳಗಿಳಿಯುವ ಬೈಕ್‌ನಲ್ಲಿ ಟ್ಯಾಂಕಿಗೂ ಕಾರ್ಬುರೇಟರ್‌ಗೂ ನಡುವಿನ ಎತ್ತರ 30 ಸೆಂಟಿಮೀಟರ್ ಎಂದು ಹಿಡಿದರೆ, ಅದನ್ನು ಕೆಳಗೆ ತಳ್ಳುವ ಒತ್ತಡ ವಾಯುಮಂಡಲದ ಒತ್ತಡದ ನೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಟ್ಯಾಂಕಿನೊಳಗಿನ ಒತ್ತಡ ಅಷ್ಟು ಇಳಿದರೆ ಸಾಕು, ಹರಿವು ನಿಲ್ಲುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಯ ಜಾಗ ಕಡಿಮೆಯಾದ್ದರಿಂದ ಸ್ವಲ್ಪವೇ ಪೆಟ್ರೋಲ್ ಖರ್ಚಾದರೂ ಒತ್ತಡ ಬೇಗ ಇಳಿಯುತ್ತದೆ. ನೀವು ಕಂಡದ್ದು ಅದನ್ನೇ. ಬಿಸಿಲಿನಲ್ಲಿ ಇದು ತಿರುಗುಮುರುಗಾಗುತ್ತದೆ: ಆವಿ ಉಬ್ಬಿ ಪೆಟ್ರೋಲನ್ನು ಫ್ಲೋಟ್ ವಾಲ್ವ್ (ಕಾರ್ಬುರೇಟರ್‌ಗೆ ಪೆಟ್ರೋಲ್ ಸಾಕಾದಾಗ ಮುಚ್ಚಿಕೊಳ್ಳುವ ವಾಲ್ವ್) ದಾಟಿಸಿ ಹೊರದೂಡುತ್ತದೆ.

ಸ್ಟಾರ್ಟ್ ಮಾಡುವ ಮೊದಲು ದಯವಿಟ್ಟು ಎಂಜಿನ್ ಆಯಿಲ್ ನೋಡಿ. ಫಿಲ್ಟರ್ ಪೆಟ್ಟಿಗೆಗೆ ಬಂದ ಪೆಟ್ರೋಲ್ ಸಿಲಿಂಡರ್‌ಗೂ ಇಳಿದಿರಬಹುದು. ಆಯಿಲ್ ಮಟ್ಟ ಏರಿದ್ದರೆ, ಇಲ್ಲವೇ ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸದೆ ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ. ಬೈಕ್ ನಿಲ್ಲಿಸಿದಾಗಲೆಲ್ಲ ಪೆಟ್ರೋಲ್ ಕಾಕ್ ಮುಚ್ಚಿಡಿ.

ಬಳಿಕ ಬಯಲಿನಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ, ಟ್ಯಾಂಕ್ ಹೋಸಿನ ಬೋಲ್ಟನ್ನು ಮಾತ್ರ ತೆಗೆದು ಪರೀಕ್ಷಿಸಿ. ಆ ಹೋಸಿನ ನಡುವೆ ಚಿಕ್ಕ ವಾಲ್ವ್ ಇದ್ದರೆ ಅದನ್ನು ತೆಗೆಯಬಾರದು. ಬೈಕ್ ಮಗುಚಿದಾಗ ಪೆಟ್ರೋಲ್ ಚೆಲ್ಲದಂತೆ ತಡೆಯುವುದು ಅದೇ.

ಇನ್‌ಟೇಕ್ ಕಡೆಯ ತೂತು ಮಾತ್ರ ಮುಚ್ಚಿಯೇ ಇರಲಿ. ಅದನ್ನು ತೆರೆದರೆ ಎಂಜಿನ್ ಅಲ್ಲಿಂದ ಬರಿಯ ಗಾಳಿಯನ್ನು ಎಳೆದುಕೊಂಡು ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ, ಐಡಲ್ (ಥ್ರಾಟಲ್ ತಿರುಗಿಸದಿದ್ದಾಗಿನ ಎಂಜಿನ್ ವೇಗ) ಏರುತ್ತದೆ, ಥ್ರಾಟಲ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಸಿಡಿತ ಕೇಳಿಸುತ್ತದೆ.

ಪ್ರಶ್ನೆ ಕೇಳಿದವರಿಂದ:

ಆಯಿಲ್ ವಾಸನೆ ಬರುತ್ತಿತ್ತು, ಬದಲಿಸಿದೆ. ಟ್ಯಾಂಕ್ ಹೋಸ್ ತೆರೆದ ಮೇಲೆ ಅರ್ಧ ಗಂಟೆ ನಿಲ್ಲದೆ ಓಡಿತು, ತಮಗೆ ಕೃತಜ್ಞತೆಗಳು. ಆದರೆ ಥ್ರಾಟಲ್ ಪೂರ್ತಿ ತಿರುಗಿಸಿದರೆ ಈಗಲೂ ಮುಗ್ಗರಿಸುತ್ತದೆ; ಐಡಲ್‌ನಲ್ಲಿ ಸರಿಯಿದೆ.

ಉತ್ತರ:

ಕಾರ್ಬುರೇಟರ್‌ಗಳ ಪಕ್ಕದ ಹೋಸ್ ಇನ್ನೂ ಮುಚ್ಚಿಯೇ ಉಳಿಯಿತಲ್ಲ, ಅದು ಕಾರ್ಬುರೇಟರ್ ಬೌಲ್‌ಗಳ, ಅಂದರೆ ಪೆಟ್ರೋಲ್ ನಿಲ್ಲುವ ಬಟ್ಟಲುಗಳ, ಗಾಳಿದಾರಿ. ಬೌಲಿನ ಪೆಟ್ರೋಲ್ ಮೇಲೆ ಹೊರಗಾಳಿಯ ಒತ್ತಡವಿದ್ದರೆ ಮಾತ್ರ ಅದು ಜೆಟ್‌ಗಳ (ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತುಗಳ) ಮೂಲಕ ಲೆಕ್ಕಕ್ಕೆ ಸರಿಯಾಗಿ ಏರುತ್ತದೆ. ಐಡಲ್‌ನಲ್ಲಿ ಬೇಡಿಕೆ ಅಲ್ಪವಾದ್ದರಿಂದ ಕೊರತೆ ತಿಳಿಯುವುದಿಲ್ಲ, ಪೂರ್ತಿ ತೆರೆದಾಗ ಬಯಲಾಗುತ್ತದೆ. ಅದನ್ನೂ ತೆರೆಯಿರಿ, ಜೆಟ್ ಬದಲಿಸುವ ಯೋಚನೆ ಈಗಲೇ ಬೇಡ.

ಆದರೆ ಹೀಗೆ ತೆರೆದಿಟ್ಟುಕೊಂಡೇ ಓಡಿಸುತ್ತಾ ಇರುವುದನ್ನು ನಾನು ಒಪ್ಪುವುದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮುಚ್ಚಿದ ಶೆಡ್ಡಿನಲ್ಲಿ ಅದು ನೆಲದಲ್ಲಿ ಹರಡಿಕೊಂಡು ದೂರದ ಕಿಡಿಯನ್ನು ಮುಟ್ಟಬಲ್ಲದು. ಆವಿ ನಿಯಂತ್ರಣ ಕಡ್ಡಾಯವಾಗಿರುವ ಕಡೆಗಳಲ್ಲಿ ಅದನ್ನು ತೆಗೆಯುವುದು ನಿಯಮದ ಉಲ್ಲಂಘನೆಯೂ ಹೌದು. ನಿಮ್ಮ ಹಳೆಯ ಕ್ಯಾನಿಸ್ಟರನ್ನು ಎತ್ತಿ ನೋಡಿ. ಭಾರವಾಗಿದ್ದು ಅಲುಗಾಡಿಸಿದಾಗ ಪೆಟ್ರೋಲ್ ಕುಲುಕಿದರೆ ಇದ್ದಿಲು ನೆನೆದಿದೆ ಎಂದರ್ಥ. ಇದ್ದಿಲು ತನ್ನ ಅಸಂಖ್ಯಾತ ಸೂಕ್ಷ್ಮ ರಂಧ್ರಗಳ ಗೋಡೆಗಳಲ್ಲಿ ಆವಿಯನ್ನು ಅಂಟಿಸಿಕೊಂಡು, ಎಂಜಿನ್ ಓಡುವಾಗ ಬಿಟ್ಟುಕೊಡುತ್ತದೆ. ದ್ರವ ಪೆಟ್ರೋಲ್ ನುಗ್ಗಿದರೆ ಆ ರಂಧ್ರಗಳೆಲ್ಲ ತುಂಬಿ ಹೋಗುತ್ತವೆ. ಅದನ್ನು ಬಿಸಿ ಮಾಡಿ ಒಣಗಿಸುವ ಸಾಹಸಕ್ಕೆ ಖಂಡಿತ ಕೈಹಾಕಬೇಡಿ, ಹೊಸದನ್ನೇ ಹಾಕಿ. ಟ್ಯಾಂಕನ್ನು ಬಾಯಿಯವರೆಗೆ ತುಂಬಿಸುವ ಅಭ್ಯಾಸ ನಿಮಗಿದೆಯೇ?

ಪ್ರಶ್ನೆ ಕೇಳಿದವರಿಂದ:

ಹೌದು, ಪ್ರತಿ ಬಾರಿಯೂ ಮುಚ್ಚಳದ ಅಂಚಿನವರೆಗೆ ತುಂಬಿಸುತ್ತಿದ್ದೆ. ಕ್ಯಾನಿಸ್ಟರ್ ಒಳಗೆ ಪೆಟ್ರೋಲ್ ಕುಲುಕುತ್ತಲೇ ಇತ್ತು.

ಉತ್ತರ:

ಹಾಗಿದ್ದರೆ ಮೂಲ ಕಾರಣ ಅಲ್ಲೇ ಇದೆ. ಇನ್ನು ಮುಂದೆ ಟ್ಯಾಂಕ್ ಬಾಯಿಯ ಕೊರಳಿನ ಕೆಳಅಂಚಿಗೇ ನಿಲ್ಲಿಸಿ. ಬಿಸಿಗೆ ಹಿಗ್ಗುವ ಪೆಟ್ರೋಲಿಗೆ ಜಾಗ ಬೇಕು. ಹೊಸ ಕ್ಯಾನಿಸ್ಟರ್ ಕೂರಿಸುವಾಗ ಟ್ಯಾಂಕ್ ಹೋಸ್ ಎಲ್ಲೂ ಜೋತುಬೀಳದಿರಲಿ, ತಗ್ಗಿನಲ್ಲಿ ನಿಂತ ಒಂದು ಗುಟುಕು ಪೆಟ್ರೋಲ್ ಕೂಡ ಗಾಳಿಯನ್ನು ತಡೆಯುತ್ತದೆ.

ಪ್ರಶ್ನೆ ಕೇಳಿದವರಿಂದ:

ಹೊಸದನ್ನು ಕೂರಿಸಿ ಮೂರೂ ಹೋಸ್‌ಗಳನ್ನು ಮೊದಲಿನಂತೆ ಜೋಡಿಸಿದ್ದೇನೆ. ಕೊರಳಿನವರೆಗೆ ತುಂಬಿಸಿ ಒಂದು ಗಂಟೆ ಓಡಿಸಿದೆ, ಮುಗ್ಗರಿಸಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಗಂಟೆ ನಿಲ್ಲಿಸಿದ ಮೇಲೂ ಫಿಲ್ಟರ್ ಪೆಟ್ಟಿಗೆ ಒಣಗಿಯೇ ಇದೆ.