ಬಾಲ್ಕನಿಯಲ್ಲಿ ಪಾರಿವಾಳದ ಕಾಟ: ಬಲೆನಾ, ಮುಳ್ಳುಪಟ್ಟಿನಾ?

ಪ್ರಶ್ನೆ (ಬಟವಾಡಿ, ತುಮಕೂರು): ಮೂರನೇ ಮಹಡಿ, ಬಾಲ್ಕನಿ 8 ಅಡಿ ಅಗಲ, 7 ಅಡಿ ಎತ್ತರ. ಎಸಿ ಔಟ್‌ಡೋರ್ ಹಿಂದೆ ಗೂಡು, ಎರಡು ಮೊಟ್ಟೆ. ನೇತುಹಾಕಿದ ಸಿಡಿಗೆ ನಾಲ್ಕೇ ದಿನ ಹೆದರಿದವು. ಈಗ ಅದರ ಪಕ್ಕದಲ್ಲೇ ಕೂತು ಗುಟುರ್ ಗುಟುರ್ ಅಂತಿವೆ. ಏನ್ ಮಾಡೋದು?

ಉತ್ತರ 1: ಬಲೆನೇ ಹಾಕಿಸಿ ಸರ್. ಬಿಸಿಲಿಗೆ ಪುಡಿಯಾಗದ ಯುವಿ ನೈಲಾನ್ ಬಲೆ, ಕಣ್ಣು 50 ಮಿ.ಮೀ.ಗಿಂತ ದೊಡ್ಡದು ಬೇಡ. ಸುತ್ತಲೂ ಅಡಿಗೊಂದು ಹುಕ್, ಅದರೊಳಗೆ ಸ್ಟೀಲ್ ತಂತಿ ಬಿಗಿದು, ಬಲೆಯನ್ನ ತಂತಿಗೆ ಕಟ್ಟಬೇಕು. ಹುಕ್ಕಿಗೇ ಸಿಕ್ಕಿಸಿದರೆ ಎರಡು ಹುಕ್ಕಿನ ನಡುವೆ ಜೋಲುತ್ತೆ. ಕೆಳಮೂಲೆಯ ಸಂದಿಯಲ್ಲಿ ನುಗ್ಗಿದ ಹಕ್ಕಿ ಒಳಗೇ ಸಿಕ್ಕಿಬೀಳುತ್ತೆ. ನಿಮ್ಮ ಅಳತೆಗೆ 9×8 ಅಡಿ ಬಲೆ ಕತ್ತರಿಸಿ. ಎಸಿ ಪೈಪಿನ ಜಾಗ ಮರೀಬೇಡಿ.

ಉತ್ತರ 2: ಆದ್ರೆ ಈಗಲೇ ಬೇಡ. ಮೊಟ್ಟೆ ಒಡೆಯೋಕೆ ಸುಮಾರು 18 ದಿನ, ಮರಿ ಹಾರೋಕೆ ಇನ್ನೊಂದು ತಿಂಗಳು. ಹಾರಿದ ಕೂಡಲೇ ಗೂಡು ತೆಗೀರಿ, ತಡ ಮಾಡಿದರೆ ಅದೇ ಜಾಗದಲ್ಲಿ ಮತ್ತೆ ಮೊಟ್ಟೆ. ಒಣಗಿದ ಹಿಕ್ಕೆಗೆ ಪೊರಕೆ ಆಡಿಸಲೇಬೇಡಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಸೋಪುನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು, ಎನ್95 ಮಾಸ್ಕ್ ಹಾಕ್ಕೊಂಡು ಕೆರೆದು ತೆಗೀರಿ.

ಉತ್ತರ 3: ಮುಳ್ಳುಪಟ್ಟಿ (ಹಕ್ಕಿ ಕೂರದಂತೆ ಹಾಕೋ ಚೂಪು ಕಡ್ಡಿಗಳ ಪಟ್ಟಿ) ಕಿರಿದಾದ ಕಿಟಕಿ ಸಜ್ಜಕ್ಕೆ ಸರಿ. ಅಗಲ ಸಜ್ಜದ ಮೇಲೆ ಒಂದೇ ಸಾಲು ಹಾಕಿದರೆ ಮುಳ್ಳಿನ ನಡುವೆ ಕಡ್ಡಿ ತುರುಕಿ ಇನ್ನೂ ಗಟ್ಟಿ ಗೂಡು ಕಟ್ಟುತ್ತವೆ! ಟೆರೇಸಲ್ಲಿ ಯಾರಾದ್ರೂ ಕಾಳು ಚೆಲ್ತಿದ್ರೆ ಮೊದಲು ಅವರ ಹತ್ರ ಮಾತಾಡಿ. ಇಲ್ಲಾಂದ್ರೆ ಬಲೆ ಹಾಕಿದ ಮೇಲೆ ಸೋಲಾರ್ ಪ್ಯಾನೆಲ್ ಅಡಿಗೆ ಸಂಸಾರ ಬದಲಾಯಿಸ್ತವೆ, ಅಷ್ಟೇ.