ಕುರ್ಬಾನ, ಕುರ್ಬಾನಿ ಎರಡೂ ಒಂದೇನಾ? ‘ಬಲಿ’ ಅಂತ ಬರೆದರೆ ತಪ್ಪಾ?

ಕೇಶ್ವಾಪುರದ ಓದುಗ:
ನಮ್ಮ ಓಣಿಯಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ಮನೆ ಇದೆ. ಭಾನುವಾರ ಎಲ್ಲಿಗೆ ಹೊರಟಿರಿ ಅಂದರೆ ‘ಕುರ್ಬಾನಕ್ಕೆ’ ಅಂತಾರೆ, ಅಂದರೆ ಚರ್ಚಿನ ಪೂಜೆಗೆ. ಬಕ್ರೀದ್ ಬಂದರೆ ಎದುರುಮನೆ ಚಾಚಾ ‘ಕುರ್ಬಾನಿ’ ಅಂತಾರೆ. ಇಲ್ಲಿ ಕುರಿ, ಅಲ್ಲಿ ರೊಟ್ಟಿ, ದ್ರಾಕ್ಷಾರಸ. ಒಂದು ಲೇಖನ ಕನ್ನಡಕ್ಕೆ ತರುವಾಗ ಕುರ್ಬಾನ ಬಂದ ಕಡೆಯೆಲ್ಲ ‘ಬಲಿ’ ಅಂತ ಹಾಕಿದ್ದೆ. ನಮ್ಮ ಅಕ್ಕ ಓದಿ, ‘ಚರ್ಚಿನಲ್ಲಿ ಏನು ಕಡೀತಾರೋ?’ ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಅವರ ಪೂಜೆಯ ಹಳೆಯ ಭಾಷೆ ಸಿರಿಯಾಕ್, ಅಂದರೆ ಅರಮಾಯಿಕ್‌ನ ಒಂದು ರೂಪ; ಆ ಅರಮಾಯಿಕ್‌ನಲ್ಲಿ ಈ ಶಬ್ದದ ನಿಜವಾದ ಅರ್ಥ ಏನು?

ಧಾರವಾಡದವನು:
ಅಕ್ಕ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಶಬ್ದದ ಬೇರು ಕ-ರ-ಬ, ಅಂದರೆ ಹತ್ತಿರ ಬರು. ಕುರ್ಬಾನ ಅಂದರೆ ದೇವರ ಹತ್ತಿರ ತಂದದ್ದು, ಅಷ್ಟೇ, ಅದರಲ್ಲಿ ಕಡಿಯುವ ಮಾತೇ ಇಲ್ಲ. ಕಡಿಯುವುದಕ್ಕೆ ಅರಮಾಯಿಕ್‌ನಲ್ಲಿ ‘ದ್ಬಹ್’ ಅನ್ನುವ ಬೇರೆ ಬೇರು ಇದೆ. ಬೈಬಲ್ಲಿನ ಎಜ್ರ ಪುಸ್ತಕದ ಒಂದು ಭಾಗ ಅರಮಾಯಿಕ್‌ನಲ್ಲೇ ಇದೆ. ಜೆರುಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಿ ಮುಗಿಸಿದಾಗ, ಕ್ರಿ.ಪೂ. 515ರ ಸುಮಾರಿಗೆ, 100 ಹೋರಿ, 200 ಟಗರು, 400 ಕುರಿಮರಿ, 12 ಹೋತ ಅರ್ಪಿಸಿದರು ಅಂತ ಅಲ್ಲಿ ಬರುತ್ತದೆ. ಅಷ್ಟು ಪ್ರಾಣಿ ಕೊಟ್ಟ ಕಡೆಯೂ ಬಳಸಿದ ಕ್ರಿಯಾಪದ ‘ಹತ್ತಿರ ತಂದರು’ ಅಂತಲೇ! ಹೀಬ್ರೂವಿನಲ್ಲೂ ಇದೇ ಬೇರು. ಬೈಬಲ್ಲಿನ ಯಾಜಕಕಾಂಡದ 2ನೇ ಅಧ್ಯಾಯದಲ್ಲಿ ಬರೀ ಹಿಟ್ಟು, ಎಣ್ಣೆ, ಧೂಪ ತಂದರೂ ಅದು ಕೊರ್ಬಾನ್.

ಹಳೇ ಹುಬ್ಬಳ್ಳಿ:
ಭಾಯ್, ನಮ್ಮ ಮನೆಮಾತಿನಲ್ಲೂ ಅದು ಹಾಗೇ ಉಳಿದಿದೆ. ‘ಕರೀಬ್’ ಅಂದರೆ ಹತ್ತಿರ, ಅದೇ ಬೇರಿನ ‘ಕುರ್ಬಾನಿ’. ಕುಯ್ಯುವುದಕ್ಕೆ ಮಾತ್ರ ‘ಜಬಾ’ ಅಂತೀವಿ, ಅದು ನೀವು ಹೇಳಿದ ದ್ಬಹ್‌ನ ಅರಬ್ಬಿ ತಮ್ಮ ಇರಬೇಕಲ್ವಾ? ಎರಡನ್ನೂ ಒಂದು ಮಾಡಬೇಡಿ. ಹಬ್ಬದ ದಿನ ಮಾಂಸದಲ್ಲಿ ಒಂದು ಪಾಲು ಬಡವರಿಗೆ, ಒಂದು ನೆಂಟರಿಗೆ ಹಂಚುತ್ತೇವೆ. ಚಿಕ್ಕಂದಿನಲ್ಲಿ ಡಬ್ಬಿ ಹಿಡಿದು ಮನೆಮನೆಗೆ ಕೊಟ್ಟು ಬಂದವನು ನಾನು. ನನಗೆ ಕುರ್ಬಾನಿ ಅಂದರೆ ಮೊದಲು ಅದೇ ನೆನಪು.

ಧಾರವಾಡದವನು:
ಹೌದು, ಅದೇ ಬೇರು. ಸಿರಿಯನ್ ಚರ್ಚಿನವರು ಬಲಿಪೀಠಕ್ಕೆ ‘ಮದ್ಬಹಾ’ ಅನ್ನುತ್ತಾರೆ, ಅದೂ ಅಲ್ಲಿಂದಲೇ ಬಂದದ್ದು.

ಗದಗಿನ ಕನ್ನಡ ಟೀಚರ್:
ತಮ್ಮಾ, ಇನ್ನೊಂದು ಅರ್ಥ ಬಿಟ್ಟುಹೋಯಿತು. ಮಾರ್ಕನ ಸುವಾರ್ತೆ 7:11ರಲ್ಲಿ ‘ಇದು ಕೊರ್ಬಾನ್’ ಅಂತ ಹೇಳಿ ಹೆತ್ತವರಿಗೆ ಕೊಡಬೇಕಾದ್ದನ್ನು ಕೊಡದವರ ಮಾತಿದೆ. ಜೆರುಸಲೇಮಿನ ಹತ್ತಿರ ಸಿಕ್ಕ, ಸತ್ತವರ ಎಲುಬು ಇಡುತ್ತಿದ್ದ, ಸುಮಾರು 2000 ವರ್ಷ ಹಳೆಯ ಪೆಟ್ಟಿಗೆಯ ಮುಚ್ಚಳದ ಮೇಲೂ ಅರಮಾಯಿಕ್‌ನಲ್ಲಿ ಹೀಗೇ ಬರೆದಿದೆ: ಇದರಲ್ಲಿ ಸಿಕ್ಕಿದ್ದೆಲ್ಲ ದೇವರಿಗೆ ಕೊರ್ಬಾನ್. ಮುಟ್ಟಬೇಡಿ ಅಂತ ಅರ್ಥ. ಇದಕ್ಕೆ ನಮ್ಮಲ್ಲಿ ಎಷ್ಟು ಚೆಂದದ ಶಬ್ದ ಇದೆ ನೋಡಿ, ‘ಮುಡಿಪು’. ನಮ್ಮಜ್ಜಿ ಅರಿಸಿನದ ಬಟ್ಟೆಯಲ್ಲಿ ರೊಕ್ಕ ಕಟ್ಟಿ ಜಗಲಿ ಮೇಲೆ ಇಡುತ್ತಿದ್ದಳು. ಮನೆಯಲ್ಲಿ ಎಷ್ಟೇ ತಾಪತ್ರಯ ಇದ್ದರೂ ಆ ಗಂಟು ಬಿಚ್ಚುತ್ತಿರಲಿಲ್ಲ. ‘ಬಲಿ’ಯೂ ಮೊದಲು ಬರೀ ಕಡಿಯುವುದಲ್ಲ, ಬಲಿಹರಣದಲ್ಲಿ ಇಡುವುದು ಅನ್ನ. ಆದರೆ ಈಗ ಓದುವವರಿಗೆ ಬಲಿ ಅಂದರೆ ರಕ್ತವೇ ಕಣ್ಣಿಗೆ ಬರುತ್ತದೆ.

ಕೇಶ್ವಾಪುರದ ಓದುಗ:
ಟೀಚರ್, ಮುಡಿಪು ನನಗೆ ಹೊಳೆದೇ ಇರಲಿಲ್ಲ! ಮಾರ್ಕನ ಮಾತು ಬಂದ ಕಡೆ ಅದನ್ನೇ ಹಾಕುತ್ತೇನೆ. ಚರ್ಚಿನ ಪೂಜೆಗೆ ‘ಕುರ್ಬಾನ’ ಅಂತಲೇ ಇಟ್ಟು, ಮೊದಲ ಸಲ ‘ದೇವರ ಹತ್ತಿರ ತಂದ ಅರ್ಪಣೆ’ ಅಂತ ಬಿಡಿಸಿ ಬರೆಯುತ್ತೇನೆ. ಇವತ್ತು ರಾತ್ರಿಯೇ ತಿದ್ದಿ ಅಕ್ಕನಿಗೆ ಓದಿಸುತ್ತೇನೆ.