ಹಳ್ಳ ಹಿನ್ನೀರನ್ನು ಸೇರುವ ಜಾಗ ಮತ್ತೆ ಜೀವಿಗಳ ನೆಲೆಯಾಗಬೇಕಾದರೆ: ಜಲಪರಿಸರ ತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕರು, ಕೊಪ್ಪಳ ತಾಲ್ಲೂಕು):

ಮೇಡಂ, ನಮಸ್ಕಾರ. ನಮ್ಮೂರ ಹಳ್ಳವು ತುಂಗಭದ್ರಾ ಜಲಾಶಯದ ಹಿನ್ನೀರನ್ನು ಸೇರುವಲ್ಲಿ ಹಿಂದೆ ಆಳೆತ್ತರದ ಜೊಂಡು ಬೆಳೆದಿರುತ್ತಿತ್ತು. ಮುಂಗಾರಿನ ಹೊಸ ನೀರು ಬಂದ ಕೂಡಲೇ ಕೊರವ, ಬಾಳೆ ಮೀನುಗಳು ಮೊಟ್ಟೆ ಇಡಲು ಅಲ್ಲಿಗೆ ಏರಿ ಬರುತ್ತಿದ್ದವು. ನಸುಕಿನಲ್ಲಿ ಹೋದರೆ ನೀರುನಾಯಿಗಳು ಕಾಣುತ್ತಿದ್ದವು. ಮೇಲ್ಭಾಗದಲ್ಲಿ ಕಾರ್ಖಾನೆಗಳು ಬಂದ ಮೇಲೆ ಹಳ್ಳದ ತಳದಲ್ಲಿ ಹಿಟ್ಟಿನಂತಹ ಕಪ್ಪು ಕೆಸರು ಕೂತಿದೆ, ಜೊಂಡು ಹೋಗಿದೆ, ದಂಡೆಯನ್ನೆಲ್ಲ ಬಳ್ಳಾರಿ ಜಾಲಿ ಆವರಿಸಿದೆ. ಈ ಬೇಸಿಗೆಯಲ್ಲಿ ಜೆಸಿಬಿಯಿಂದ ಹೂಳು ತೆಗೆಸಿ, ದಂಡೆಯುದ್ದಕ್ಕೂ ಸಾವಿರ ಸಸಿ ನೆಡಬೇಕೆಂದು ಊರಿನ ಯುವಕರು ತೀರ್ಮಾನಿಸಿದ್ದಾರೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ನದಿ ಬಂದರಿನಲ್ಲಿ ಕಾರ್ಖಾನೆಗಳಿಂದ ಹಾಳಾದ ಜೀವನೆಲೆಗಳನ್ನು ಮತ್ತೆ ಕಟ್ಟುತ್ತಿರುವ ಬಗ್ಗೆ ಓದಿದ್ದೇನೆ. ಅಲ್ಲಿ ಮಾಡಿದ್ದರಲ್ಲಿ ನಮಗೆ ಯಾವುದು ಸಾಧ್ಯ?

ಉತ್ತರ:

ಗುರುಗಳೇ, ಮೊದಲು ಒಂದು ವಿನಂತಿ. ಈ ಬೇಸಿಗೆಯಲ್ಲಿ ಜೆಸಿಬಿಯನ್ನು ಹಳ್ಳಕ್ಕೆ ಇಳಿಸಬೇಡಿ. ಗಾಳಿ ತಾಗದ ಕೆಸರಿನಲ್ಲಿ ಸೀಸ, ಸತು, ಕ್ಯಾಡ್ಮಿಯಂನಂತಹ ಲೋಹಗಳು ಬಹುಮಟ್ಟಿಗೆ ಗಂಧಕದೊಂದಿಗೆ ಬೆಸೆದುಕೊಂಡು ಕರಗದೆ ಕೂತಿರುತ್ತವೆ. ಆ ಕೆಸರನ್ನು ಕಲಕಿ ಗಾಳಿಗೆ ಒಡ್ಡಿದಾಗ ಬೆಸುಗೆ ಬಿಚ್ಚಿ ಲೋಹಗಳು ನೀರಿಗೆ ಬರುತ್ತವೆ. ತೆಗೆದ ಹೂಳನ್ನು ಎಂದಿನಂತೆ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಸಾಗಿಸಿದರೆ ಹಳ್ಳದ ತೊಂದರೆ ಹೊಲಕ್ಕೂ ತಲುಪುತ್ತದೆ. ಪರೀಕ್ಷೆಯಾಗದ ಹೂಳನ್ನು, ಅದರಲ್ಲೂ ಕಾರ್ಖಾನೆಗಳ ಕೆಳಗಿನ ಹಳ್ಳದ ಹೂಳನ್ನು, ಹೊಲಕ್ಕೆ ಹಾಕಬಾರದು.

2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ ಸಾವಿರಾರು ಜನ ಹಿರೇಹಳ್ಳವನ್ನು ಶುಚಿಗೊಳಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮುಚ್ಚಿಹೋದ ಹಳ್ಳಕ್ಕೆ ಹರಿವನ್ನು ಮರಳಿಸಿದ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹರಿವನ್ನು ಮರಳಿಸುವುದು ಒಂದು ಕೆಲಸ, ಕೈಗಾರಿಕಾ ತ್ಯಾಜ್ಯ ಕೂತ ತಳವನ್ನು ಜೀವಿಗಳಿಗೆ ಮತ್ತೆ ಒದಗಿಸುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಬೇರೆಯೇ ಕ್ರಮ ಬೇಕಾಗುತ್ತದೆ.

ಪೋರ್ಟ್‌ಲ್ಯಾಂಡಿನ ವಿಷಯಕ್ಕೆ ಬರೋಣ. ಅಲ್ಲಿನ ವಿಲಾಮೆಟ್ ನದಿಯು ಕೊಲಂಬಿಯಾ ನದಿಯನ್ನು ಸೇರುವುದಕ್ಕೆ ಮುಂಚಿನ ಬಂದರು ಪ್ರದೇಶದಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಡಗುಕಟ್ಟೆಗಳು, ಮರಕ್ಕೆ ಡಾಂಬರೆಣ್ಣೆ ಕುಡಿಸುವ ಘಟಕಗಳು, ಇಂಧನ ಅನಿಲ ತಯಾರಿಸುವ ಸ್ಥಾವರ, ಕೀಟನಾಶಕದ ಕಾರ್ಖಾನೆ ಮತ್ತು ತೈಲದ ತೊಟ್ಟಿಗಳಿದ್ದವು. ಪಿಸಿಬಿ, ಡಿಡಿಟಿ, ಡಯಾಕ್ಸಿನ್‌ನಂತಹ ವಿಷಗಳು ತಳದ ಕೆಸರಿಗೆ ಸೇರಿ, ಅಲ್ಲಿಂದ ಹುಳಕ್ಕೆ, ಮೀನಿಗೆ, ಮೀನು ತಿನ್ನುವ ಪ್ರಾಣಿಪಕ್ಷಿಗಳಿಗೆ ಏರಿದವು. 2000ದ ಡಿಸೆಂಬರಿನಲ್ಲಿ ಆ ಪ್ರದೇಶವನ್ನು ದೇಶದ ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಶುದ್ಧೀಕರಣದ ಅಂತಿಮ ಯೋಜನೆ ಹೊರಬಿದ್ದದ್ದು 2017ರ ಜನವರಿಯಲ್ಲಿ. ಸುಮಾರು 16 ಕಿಲೋಮೀಟರ್ ಉದ್ದದ ಭಾಗಕ್ಕೆ ಅಂದಾಜು ಮಾಡಿದ ವೆಚ್ಚ ನೂರು ಕೋಟಿ ಡಾಲರಿಗೂ ಹೆಚ್ಚು. ತನಿಖೆ ಮತ್ತು ಯೋಜನೆಗೇ 16 ವರ್ಷ ಹಿಡಿಯಿತೆಂಬುದನ್ನು ನಿಮ್ಮ ಯುವಕರಿಗೆ ಹೇಳಿ. ಕೆಸರನ್ನು ಅವಸರದಲ್ಲಿ ಮುಟ್ಟುವುದು ಎಷ್ಟು ಅಪಾಯವೆಂಬುದು ಅದರಿಂದ ಅವರಿಗೆ ತಿಳಿಯುತ್ತದೆ.

ಅಲ್ಲಿ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಟ್ಟಿದ್ದಾರೆ, ಮತ್ತು ನಾವು ಮುಖ್ಯವಾಗಿ ಕಲಿಯಬೇಕಾದದ್ದು ಇದನ್ನೇ. ವಿಷವನ್ನು ತೆಗೆಯುವುದು ಅಥವಾ ಶುದ್ಧ ಮರಳಿನಿಂದ ಮುಚ್ಚುವುದು ಒಂದು ಲೆಕ್ಕ. ಇಷ್ಟು ವರ್ಷ ಮೀನು, ಹಕ್ಕಿ ಮತ್ತು ಅವನ್ನು ನಂಬಿ ಬದುಕಿದ ಜನ ಕಳೆದುಕೊಂಡದ್ದನ್ನು ಮರಳಿಸುವುದು ಇನ್ನೊಂದು ಲೆಕ್ಕ. ಎರಡನೆಯದನ್ನು ನೋಡಿಕೊಳ್ಳಲು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಇಲಾಖೆಗಳೊಂದಿಗೆ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳೂ ಸೇರಿದ ಒಂದು ಪಾಲಕ ಮಂಡಳಿಯಿದೆ. ಎಷ್ಟು ಎಕರೆ ನೆಲೆ ಎಷ್ಟು ವರ್ಷ ತನ್ನ ಕೆಲಸವನ್ನು ಮಾಡಲಾಗದೆ ಹೋಯಿತು ಎಂದು ಅವರು ಎಕರೆ-ವರ್ಷಗಳಲ್ಲಿ ಎಣಿಸುತ್ತಾರೆ. ಅದಕ್ಕೆ ಸಮನಾದ ನೆಲೆಯನ್ನು ಹೊಣೆಗಾರರು ಕಟ್ಟಿಕೊಡಬೇಕು, ಇಲ್ಲವೇ ಬೇರೆಯವರು ಕಟ್ಟಿದ್ದರಲ್ಲಿ ತಮ್ಮ ಪಾಲನ್ನು ಕೊಳ್ಳಬೇಕು.

ಬಂದರಿನ ಬಳಿಯ ಸಾವಿ ದ್ವೀಪದ ದಕ್ಷಿಣ ತುದಿಯಲ್ಲಿ ಹಳೆಯ ಮರದ ಕಾರ್ಖಾನೆಯೊಂದನ್ನು ತೆಗೆದು ನಿರ್ಮಿಸಿದ, 52 ಎಕರೆಯ ಆಲ್ಡರ್ ಕ್ರೀಕ್ ಎಂಬ ತಾಣ ಇದಕ್ಕೆ ನಿದರ್ಶನ. ಕಟ್ಟಡಗಳನ್ನು ಕೆಡವಿ, ತುಂಬಿಸಿದ್ದ ಮಣ್ಣನ್ನು ತೆಗೆದು, ನದಿಯ ನೀರು ಒಳಗೆ ಬಂದು ನಿಧಾನವಾಗಿ ಸುತ್ತಾಡಿ ಹೊರಹೋಗುವಂತೆ ಕಾಲುವೆಗಳನ್ನು ಅಗೆದರು. ಚಿನೂಕ್ ಸಾಲ್ಮನ್ ಎಂಬ ಮೀನಿನ ಮರಿಗಳು ಸಮುದ್ರಕ್ಕೆ ಹೋಗುವ ದಾರಿಯಲ್ಲಿ ತಂಗಿ, ತಿಂದು, ಬಲಿಯುವುದಕ್ಕೆ ಆಳವಿಲ್ಲದ, ಸೆಳೆತವಿಲ್ಲದ ನೀರು ಬೇಕಾಗುತ್ತದೆ. ಬಂದರಿನ ಕಡಿದಾದ ಕಲ್ಲಿನ ದಂಡೆಗಳು ಕಸಿದುಕೊಂಡದ್ದು ಇಂತಹ ನೀರನ್ನೇ. ಅಂದರೆ ಅವರು ಒಂದು ಜೀವಿಯ ಬದುಕಿನಲ್ಲಿ ತಪ್ಪಿಹೋದ ಒಂದು ಘಟ್ಟವನ್ನು ಗುರುತಿಸಿ ಅದನ್ನು ಕಟ್ಟಿದರು.

ನಿಮ್ಮ ಹಳ್ಳದಲ್ಲಿ ತಪ್ಪಿಹೋದ ಘಟ್ಟ ಯಾವುದೆಂದು ನೀವೇ ಬರೆದಿದ್ದೀರಿ. ಹೊಸ ನೀರಿಗೆ ಏರಿ ಬಂದ ಮೀನು ಮೊಟ್ಟೆಯಿಡುವ, ಮರಿಗಳು ಅಡಗುವ ಜೊಂಡಿನ ನೀರು ಅದು. ಮೀನು ಮರಳಿದರೆ ಮಾತ್ರ ನೀರುನಾಯಿ ಬರುತ್ತದೆ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ದೇಶದಲ್ಲಿ ನೀರುನಾಯಿಗಾಗಿ ಇಂತಹ ಘೋಷಣೆಯಾದದ್ದು ಅದೇ ಮೊದಲು. ಹೀಗಾಗಿ ಈ ಪ್ರಾಣಿ ನಮ್ಮ ಹೊಳೆಯನ್ನು ಪೂರ್ತಿ ಬಿಟ್ಟುಹೋಗಿಲ್ಲ ಎಂಬ ಸಮಾಧಾನ ನಮಗಿದೆ.

ಇನ್ನು ಕ್ರಮ. ಮೊದಲನೆಯದು, ಮೂಲವನ್ನು ನಿಲ್ಲಿಸುವುದು. ಮೇಲಿಂದ ಕಪ್ಪು ನೀರು ಬರುತ್ತಿರುವವರೆಗೆ ಕೆಳಗೆ ಮಾಡಿದ ಯಾವ ಕೆಲಸವೂ ಉಳಿಯುವುದಿಲ್ಲ. ಕಾರ್ಖಾನೆಯ ಕೊಳವೆಯನ್ನಷ್ಟೇ ನೋಡಬೇಡಿ; ಬಯಲಿನಲ್ಲಿ ರಾಶಿ ಹಾಕಿದ ಬೂದಿ, ಇದ್ದಿಲ ಪುಡಿ, ಲಾರಿ ಓಡಾಡುವ ರಸ್ತೆಯ ಧೂಳು ಮೊದಲ ಮಳೆಗೆ ಕೊಚ್ಚಿಕೊಂಡು ಬರುವುದೇ ಎಷ್ಟೋ ಕಡೆ ಹೆಚ್ಚಿನ ಪಾಲು.

ಎರಡನೆಯದು ಕೆಸರಿನ ಪರೀಕ್ಷೆ. ಇದರಲ್ಲಿ ಎಚ್ಚರ ಬೇಕು. ಕೆಸರು ಕಪ್ಪಗಿದೆ, ವಾಸನೆ ಬರುತ್ತದೆ ಎಂಬುದಷ್ಟೇ ಮಾಲಿನ್ಯಕ್ಕೆ ಸಾಕ್ಷಿಯಾಗದು. ಗಾಳಿಯಾಡದ ಯಾವ ಕೆಸರೂ ಹಾಗಿರಬಹುದು. ಕಬ್ಬಿಣ ಹೆಚ್ಚಿದೆ ಎಂಬುದೂ ಸಾಲದು, ಏಕೆಂದರೆ ಸಂಡೂರಿನ ಗುಡ್ಡಗಳ ಆಸುಪಾಸಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ನೆಲದಲ್ಲಿಯೇ ಇವೆ. ಆದ್ದರಿಂದ ಅದೇ ಬಗೆಯ ಮಣ್ಣಿನ, ಮೇಲೆ ಕಾರ್ಖಾನೆಗಳಿಲ್ಲದ ಇನ್ನೊಂದು ಹಳ್ಳದ ಕೆಸರನ್ನೂ ಜೊತೆಗೇ ಪರೀಕ್ಷಿಸಿ ಹೋಲಿಸಬೇಕು. ಲೋಹಗಳು ನುಣ್ಣನೆಯ ಜೇಡಿಗೆ ಹೆಚ್ಚು ಅಂಟುವುದರಿಂದ ಒಂದೇ ಜರಡಿಯಲ್ಲಿ ಸೋಸಿದ ನುಣುಪು ಭಾಗಗಳನ್ನೇ ಹೋಲಿಸಬೇಕು. ಕೊಳವೆ ಇಳಿಸಿ ಕೆಸರನ್ನು ಪದರ ಕೆಡದಂತೆ ಎತ್ತಿದರೆ, ಕಾರ್ಖಾನೆ ಬರುವುದಕ್ಕೆ ಮುಂಚಿನ ಪದರ ಕೆಳಗೆ ಸಿಗುವ ಸಾಧ್ಯತೆಯಿದೆ. ಆಗ ಎಷ್ಟು ಆಳದವರೆಗೆ ತೆಗೆಯಬೇಕು, ಎಲ್ಲಿ ಮುಚ್ಚಿದರೆ ಸಾಕು, ಎಲ್ಲಿ ಮುಟ್ಟದೇ ಬಿಡುವುದು ಲೇಸು ಎಂಬುದನ್ನು ಅದೇ ತಿಳಿಸುತ್ತದೆ.

ಗಿಡಗಳ ವಿಷಯದಲ್ಲಿ ನಾನು ಸ್ವತಃ ನೊಂದು ಕಲಿತದ್ದನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಜಲಾಶಯದ ಅಂಚಿನಲ್ಲಿ, ಬೇಸಿಗೆಯಲ್ಲಿ ಒಣಗಿ ಬಯಲಾಗಿ ಕಂಡ ಜಾಗದಲ್ಲಿ ನನ್ನ ಸಲಹೆಯಂತೆ ನೂರಾರು ಸಸಿಗಳನ್ನು ನೆಟ್ಟೆವು. ಶ್ರಾವಣದ ಹೊತ್ತಿಗೆ ಎಲ್ಲವೂ ನೀರಿನಡಿ ಹೋದವು, ನೀರು ಇಳಿದಾಗ ಒಂದೂ ಉಳಿದಿರಲಿಲ್ಲ. ಮಕ್ಕಳು ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಸಸಿಗಳವು. ಅದು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ತುಂಗಭದ್ರಾ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಆ ಗೆರೆಯನ್ನು ಮೊದಲು ನೆಲದ ಮೇಲೆ ಗುರುತು ಮಾಡಿಸಿ. ಗೆರೆಯ ಮೇಲೆ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ ನೆಡಿ. ಕೆಳಗೆ ಮರ ಬೇಡ; ಮುಳುಗಿ ಏಳುವುದನ್ನು ತಾಳಿಕೊಳ್ಳುವ ಜೊಂಡು ಮತ್ತು ಸ್ಥಳೀಯ ಹುಲ್ಲುಗಳ ಗೆಡ್ಡೆಗಳನ್ನು ಹತ್ತಿರದ ಶುದ್ಧ ಕೆರೆಯಿಂದ ತಂದು, ನೀರು ಇಳಿಯುವ ಸಮಯದಲ್ಲಿ ಅಂಚಿನಲ್ಲಿ ಊರಿ. ಬಳ್ಳಾರಿ ಜಾಲಿಯನ್ನು ಒಮ್ಮೆಗೇ ಬೋಳಿಸಿದರೆ ದಂಡೆ ಕುಸಿಯುತ್ತದೆ. ತುಂಡುತುಂಡಾಗಿ, ಬುಡಸಮೇತ ಕಿತ್ತು, ಕಿತ್ತಲ್ಲಿ ಬೇರೆ ಗಿಡ ಹಿಡಿದ ಮೇಲೆ ಮುಂದಿನ ತುಂಡಿಗೆ ಹೋಗಿ. ನೀರಿನ ಮೇಲೆ ತೇಲುತ್ತ ಹಬ್ಬುವ ಕಳೆಯಾದ ಅಂತರಗಂಗೆಯನ್ನು ಮಾತ್ರ ಯಾವ ಕಾರಣಕ್ಕೂ ತಂದು ಬಿಡಬೇಡಿ.

ಪ್ರಶ್ನೆ (ಮೀನುಗಾರರು, ಹಿನ್ನೀರಿನ ದಂಡೆಯ ಊರು):

ಅಕ್ಕಾರ, ನಾವು ಹರಿಗೋಲಿನಲ್ಲಿ ಹೋಗಿ ಬಲೆ ಹಾಕುವವರು. ಅದೇ ಹಳ್ಳದ ಬಾಯಿಯಲ್ಲಿ ಹಿಡಿದ ಮೀನನ್ನು ಮನೆಮಂದಿ ತಿನ್ನಬಹುದೇ? ಕೆಲವು ಬಾರಿ ನೀರು ಹಚ್ಚಗಾಗುತ್ತದೆ, ಅದೂ ಕಾರ್ಖಾನೆಯದೇ ಕೆಲಸವೇ?

ಉತ್ತರ:

ಅಣ್ಣಾ, ಮೀನನ್ನು ಪರೀಕ್ಷಿಸದೆ ತಿನ್ನಬಹುದು ಎಂದಾಗಲಿ, ಬಾರದು ಎಂದಾಗಲಿ ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ತಳದ ಕೆಸರಿನಲ್ಲಿ ಮೇಯುವ ಮೀನನ್ನೂ ಬೇರೆ ಮೀನನ್ನು ತಿಂದು ಬದುಕುವ ಮೀನನ್ನೂ ಬೇರೆಬೇರೆಯಾಗಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಫಲಿತಾಂಶ ಬರುವವರೆಗೆ ಹಳ್ಳದ ಬಾಯಿಯನ್ನು ಬಿಟ್ಟು ದೂರದ ತೆರೆದ ನೀರಿನಲ್ಲಿ ಬಲೆ ಹಾಕುವುದು ಒಳ್ಳೆಯದು. ಹೆಚ್ಚಿನ ಲೋಹಗಳು ಮಾಂಸಕ್ಕಿಂತ ಪಿತ್ತಜನಕಾಂಗ, ಮೂತ್ರಪಿಂಡ, ಕಿವಿರುಗಳಲ್ಲಿ ಸೇರುವುದರಿಂದ ಅವುಗಳನ್ನು ತೆಗೆದುಹಾಕಿ. ಪಾದರಸ ಮಾತ್ರ ಮಾಂಸದಲ್ಲಿಯೇ ಕೂರುತ್ತದೆ, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಸತ್ತು ತೇಲಿದ ಮೀನನ್ನು ತಿನ್ನಲೂ ಬೇಡಿ, ಮಾರಲೂ ಬೇಡಿ.

ಹಸಿರು ನೀರಿನ ಮುಖ್ಯ ಕಾರಣ ಬೇರೆ. ಹೊಲಗಳ ಗೊಬ್ಬರ, ಊರುಗಳ ಚರಂಡಿ ನೀರಿನಲ್ಲಿರುವ ಸಾರಜನಕ ಮತ್ತು ರಂಜಕದಿಂದ ನೀಲಿ-ಹಸಿರು ಪಾಚಿ ಹೆಚ್ಚುತ್ತದೆ. ಅಂತಹ ದಿನಗಳಲ್ಲಿ ಆ ನೀರನ್ನು ದನಕರುಗಳಿಗೆ ಕುಡಿಸಬಾರದು. ಕೆಲವು ಬಗೆಯ ಪಾಚಿ ವಿಷ ಬಿಡುತ್ತದೆ. ಎಲ್ಲವನ್ನೂ ಕಾರ್ಖಾನೆಯ ಮೇಲೆ ಹೊರಿಸಿದರೆ ನಮ್ಮ ನಿಜವಾದ ದೂರಿನ ತೂಕವೂ ಕಡಿಮೆಯಾಗುತ್ತದೆ, ಆದ್ದರಿಂದ ಇದನ್ನು ಬಿಡಿಸಿ ಹೇಳಿದೆ.

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಬಳ್ಳಾರಿ):

ಮೇಡಂ, ಪೋರ್ಟ್‌ಲ್ಯಾಂಡಿನಲ್ಲಿ ಹೊಣೆಗಾರರೇ ವೆಚ್ಚ ಭರಿಸುತ್ತಾರೆ ಎಂದಿರಿ. ನಮ್ಮಲ್ಲಿ ಊರಿನವರೇ ವಂತಿಗೆ ಎತ್ತಬೇಕೇ?

ಉತ್ತರ:

ಎತ್ತಬೇಕಾಗಿಲ್ಲ, ಎತ್ತಬಾರದು ಎಂಬುದೇ ನನ್ನ ಅಭಿಪ್ರಾಯ. ಕೆಡಿಸಿದವರೇ ಸರಿಪಡಿಸುವ ವೆಚ್ಚವನ್ನೂ ಕೊಡಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲಿ ವೆಲ್ಲೂರಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ ಈ ನೆಲದ ಕಾನೂನಿನ ಭಾಗವೆಂದು ಒಪ್ಪಿದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಕಲಮಿನಡಿ ಸಂತ್ರಸ್ತರಿಗೆ ಪರಿಹಾರವನ್ನಷ್ಟೇ ಅಲ್ಲ, ಹಾಳಾದ ಪರಿಸರದ ಪುನಃಸ್ಥಾಪನೆಯನ್ನೂ ಕೇಳಬಹುದು. ಕಾರಣ ಮೊದಲು ಉಂಟಾದಂದಿನಿಂದ 5 ವರ್ಷದೊಳಗೆ ಅರ್ಜಿ ಹಾಕಬೇಕು. ಸಕಾರಣವಿದ್ದರೆ ಇನ್ನು 60 ದಿನಗಳ ವಿನಾಯಿತಿಯಿದೆ. ನಮ್ಮ ರಾಜ್ಯ ಚೆನ್ನೈನ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಬರುತ್ತದೆ. ಊರಿನವರು ಕಾಯುತ್ತ ಕೂರದೆ ಈಗಲೇ ದಾಖಲೆ ಮಾಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಈ ಕಾಲಮಿತಿಯೂ ಒಂದು ಕಾರಣ.

ನಿಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಹತ್ತಿರದ ಮಾದರಿಯಿದೆ. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿ, 2013ರ ತೀರ್ಪಿನಲ್ಲಿ ಪುನಶ್ಚೇತನ ಯೋಜನೆಗಳನ್ನು ಕಡ್ಡಾಯ ಮಾಡಿತು. ಆ ಪ್ರಕರಣದಲ್ಲಿ ಗಣಿಗಳಿಂದ ಸಂಗ್ರಹವಾದ ಹಣವನ್ನು ಗಣಿಬಾಧಿತ ಬಳ್ಳಾರಿ, ಚಿತ್ರದುರ್ಗ, ತುಮಕೂರು ಪ್ರದೇಶಗಳಿಗೆ ಬಳಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವಿದೆ. ಆದರೆ ರಸ್ತೆ, ಕಟ್ಟಡಗಳು ಬೇಗ ಕಣ್ಣಿಗೆ ಕಾಣುತ್ತವೆ. ಹಳ್ಳದ ತಳದ ಹುಳುಗಳು ಕಾಣುವುದಿಲ್ಲ. ಜೀವನೆಲೆಯ ಪಾಲನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೇಳುವವರಿಲ್ಲದಿದ್ದರೆ ಅದು ತಾನಾಗಿ ಸಿಗುವುದಿಲ್ಲ.

ಇನ್ನೊಂದು ತೊಡಕನ್ನೂ ತಿಳಿದಿರಿ. ಕೆರೆ, ಜೌಗುಗಳಿಗೆ ರಕ್ಷಣೆ ಕೊಡುವ 2017ರ ಜೌಗುಭೂಮಿ ನಿಯಮಗಳು ನದಿಪಾತ್ರವನ್ನೂ, ನೀರಾವರಿಗಾಗಿ ಕಟ್ಟಿದ ಜಲಾಶಯಗಳನ್ನೂ ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ನೀರಾವರಿಗೆಂದು ಕಟ್ಟಿದ ಕೆರೆಯೇ. ಅದು ವನ್ಯಜೀವಿ ಕಾಯ್ದೆಯಡಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಸರಿಪಡಿಸಿದ ಜಾಗಕ್ಕೆ ಇಂತಹ ರಕ್ಷಣೆ ಸಿಗದಿದ್ದರೆ ಹತ್ತು ವರ್ಷದಲ್ಲಿ ಅದೇ ಜಾಗ ಮತ್ತೊಂದು ಬೂದಿಗುಡ್ಡೆಯಾಗಬಹುದು.

ಪ್ರಶ್ನೆ (ಪದವಿ ವಿದ್ಯಾರ್ಥಿ, ರಾಯಚೂರು):

ಮೇಡಂ, ದೊಡ್ಡ ಪ್ರಯೋಗಾಲಯವಿಲ್ಲದೆ ನಮ್ಮಂತಹವರು ಏನು ದಾಖಲಿಸಬಹುದು? ಕೃಷ್ಣೆಯ ದಂಡೆಯಲ್ಲಿಯೂ ಮಾಡಬೇಕೆಂದಿದ್ದೇವೆ.

ಉತ್ತರ:

ತಮ್ಮಾ, ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಹೋಗಿ. ದಿನಾಂಕ ಮತ್ತು ಸ್ಥಳ ಕಾಣುವಂತೆ ಫೋಟೋ ತೆಗೆಯಿರಿ. ಕೈಬಲೆಯಿಂದ ಒಂದಿಷ್ಟು ತಳದ ಕೆಸರನ್ನು ಬಿಳಿಯ ತಟ್ಟೆಗೆ ಸುರಿದು, ಸಿಕ್ಕ ಜೀವಿಗಳನ್ನು ಎಣಿಸಿ ಬರೆಯಿರಿ. ಕೈಗವಸು ಹಾಕಿಕೊಳ್ಳದೆ ಕೆಸರನ್ನು ಮುಟ್ಟಬೇಡಿ. ಕಪ್ಪೆಚಿಪ್ಪು, ಬಸವನಹುಳು, ಕೊಡತಿಹುಳುವಿನ ಮರಿ ಹೀಗೆ ಹಲವು ಬಗೆ ಸಿಕ್ಕರೆ ತಳದಲ್ಲಿ ಇನ್ನೂ ಉಸಿರಿದೆ. ಕೆಂಪು ದಾರದಂತಹ ಹುಳುಗಳು ಮಾತ್ರ ರಾಶಿಯಾಗಿ ಸಿಕ್ಕರೆ ಆಮ್ಲಜನಕ ಕುಸಿದಿದೆ. ಏನೂ ಸಿಗದಿದ್ದರೆ ಅದನ್ನೂ ಹಾಗೆಯೇ ಬರೆದಿಡಿ. ಕಾರ್ಖಾನೆಗಳಿಲ್ಲದ ಕಡೆಯ ಒಂದು ಜಾಗವನ್ನೂ ಇದೇ ರೀತಿ ನೋಡುತ್ತಿರಿ. ದಂಡೆಯ ಹಿರಿಯರನ್ನು ಕೂರಿಸಿಕೊಂಡು, ಯಾವ ಮೀನು ಯಾವ ಮಳೆಗೆ ಎಲ್ಲಿಯವರೆಗೆ ಏರುತ್ತಿತ್ತು, ಯಾವ ವರ್ಷದಿಂದ ನಿಂತಿತು ಎಂದು ಕೇಳಿ ಬರೆದುಕೊಳ್ಳಿ. ಅದನ್ನು ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ, ಆದ್ದರಿಂದ ಈ ಕೆಲಸವನ್ನು ಮೊದಲು ಮಾಡಿ. ಒಂದು ಮುಂಗಾರು ಮತ್ತು ಒಂದು ಬೇಸಿಗೆ ಮುಗಿದ ಮೇಲೆ ನಿಮ್ಮ ವಹಿಯನ್ನು ಇಲ್ಲಿಯೇ ಹಂಚಿಕೊಳ್ಳಿ. ಗುರುಗಳ ಹಳ್ಳದ ವಹಿಯೊಂದಿಗೆ ಇಟ್ಟು ಓದೋಣ.